ಎಂಟು ದಿನ ಗಡಿಗೆಯಲ್ಲಿ

ಮೊನ್ನೆ ನಮ್ಮ ಸಿಂಧನೂರಿನ ಆಫೀಸಿನ ಜವಾನ ಚೆಂಡು ಹೂವಿನ ಗಿಡಗಳಿಗೆ ನೀರು ಹಾಕೋಣವೆಂದು ನನ್ನ ಕೋಣೆಯ ಮೂಲೆಯಲ್ಲಿದ್ದ ಹಳೆಯ ಹಜಾರಾ ಎತ್ತಿಕೊಂಡು ಹೋಗಿದ್ದ. ಹಜಾರಾ ಎಂದರೆ ತೋಟದ ಮಾಲಿಗಳು ನೀರು ಚಿಮುಕಿಸುವ ತಗಡಿನ ಝಾರಿ, ಮೂತಿಗೆ ಜರಡಿಯಂಥ ತೂತುಗಳು. ನಾನು ಚಹಾ ಕುಡಿಯುತ್ತಿದ್ದವನು ಕಪ್ಪು ಅಲ್ಲೇ ಬಿಟ್ಟು ಓಡಿ ಹೋಗಿ ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಕಣ್ಣು ಕಣ್ಣು ಬಿಟ್ಟು ನಿಂತ.

"ಹಳೇ ತಗಡಿಗೆ ಇಷ್ಟು ಸಿಟ್ಟೇನ್ರಿ ಸಾಹೇಬ್ರ?" ಎಂದ.

ಹಜಾರಾವನ್ನು ಮತ್ತೆ ಮೂಲೆಯಲ್ಲಿಟ್ಟೆ. ನನ್ನ ಸಿಟ್ಟು ಅವನ ಮೇಲಿನದಾಗಿರಲಿಲ್ಲ. ಈ ತಿಂಗಳಿಂದ ನಮ್ಮ ಸರ್ಕಾರಿ ಕಾಗದಗಳ ತಲೆಯ ಮೇಲಿನ ಹೈದರಾಬಾದನ್ನು ಗೆರೆ ಎಳೆದು ಅಳಿಸಿ ಮೈಸೂರು ಎಂದು ಬರೆಯುತ್ತಿದ್ದೇವೆ. ಅಷ್ಟು ಸುಲಭವಾಗಿ ಎಲ್ಲವನ್ನೂ ತಿದ್ದುವಂತಿದ್ದರೆ ನಾನು ಈ ನಾಲ್ಕು ಹಾಳೆ ಬರೆಯಲು ಕೂರುತ್ತಿರಲಿಲ್ಲ.

ಆ ಹಜಾರಾದ ಒಡತಿ ಲಿಂಗಸುಗೂರಿನ ಛಾವಣಿಯಲ್ಲಿ, ಅಂದರೆ ಹಿಂದೆ ದಂಡು ಇದ್ದ ಬಂಗಲೆಗಳ ಪ್ರದೇಶದಲ್ಲಿ, ಇದ್ದಳು. ಹೆಸರು ಬರೆಯುವುದಿಲ್ಲ. ಒಮ್ಮೆ ನನ್ನ ತಿಂಗಳ ವರದಿಯಲ್ಲಿ ಅವಳನ್ನು ಹೊಗಳಿ ಬರೆದು, ಹೆಮ್ಮೆಯಿಂದ ಓದಿ ತೋರಿಸಿದ್ದೆ. ಅವಳ ಮುಖ ಸಣ್ಣದಾಯಿತು. "ಅಳಿಸು ತಮ್ಮಾ. ಹೆಸರು ಕಾಗದದಾಗ ಹೋತಂದ್ರ ಹಿಂದಿಂದ ಯಾರಾರ ಹುಡುಕ್ಕೋಂತ ಬರತಾರ," ಎಂದಳು. ಅವಳ ಭಯ ಸುಳ್ಳೇನಲ್ಲ. ಅವಳು ಸಾಗುವಳಿ ಮಾಡುತ್ತಿದ್ದುದು ಬೀಗ ಹಾಕಿದ ಹಳೆಯ ಬಂಗಲೆಯೊಂದರ ಹಿತ್ತಲಿನಲ್ಲಿ. ಗಂಡ ಅಲ್ಲಿ ಮಾಲಿಯಾಗಿದ್ದ. ಬಂಗಲೆಯ ಸಾಹೇಬ ಗಂಟುಮೂಟೆ ಕಟ್ಟಿಕೊಂಡು ಹೋದ ಮರುವರ್ಷ ಅವನು ಜ್ವರದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ತೋಟದ ಮೂಲೆಯ ಕೋಣೆ, ಒಂದು ಬಾವಿ, ಒಂದು ಹಜಾರಾ, ಮತ್ತು ಗಂಡ ಹೈದರಾಬಾದಿನಿಂದ ತಂದು ಹಚ್ಚಿದ್ದ ಸ್ಟ್ರಾಬೆರಿ ಗಿಡಗಳು ಅವಳ ಪಾಲಿಗೆ ಉಳಿದವು. ಹಟ್ಟಿಯ ಗಣಿ ಬಂಗಲೆಗಳಿಗೆ ಚಳಿಗಾಲದಲ್ಲಿ ಹಣ್ಣು ಕಳಿಸುತ್ತಿರುವವರೆಗೂ ಇರು ಎಂದು ಬಂಗಲೆ ನೋಡಿಕೊಳ್ಳುವ ಕಾರಭಾರಿ ಬಾಯಿಮಾತಿನಲ್ಲಿ ಹೇಳಿದ್ದ. ಗಿಡಗಳು ಇದ್ದರೆ ಅವಳಿಗೆ ನೆಲೆ, ಇಲ್ಲವಾದರೆ ಇಲ್ಲ.

ನಮ್ಮ ಎರೆಭೂಮಿಯಲ್ಲಿ ಸ್ಟ್ರಾಬೆರಿ ಎಂದರೆ ಈಗಲೂ ಜನ ನಗುತ್ತಾರೆ. ನಾನೂ ನಕ್ಕಿದ್ದೆ. ಕೃಷಿ ಖಾತೆಯ ಹೊಸ ನೌಕರನಾಗಿ ಲಿಂಗಸುಗೂರಿಗೆ ಬಂದಿದ್ದೆ. ಇಪ್ಪತ್ತನಾಲ್ಕು ವರ್ಷ, ಖಾಕಿ ಚಡ್ಡಿ, ಕಂಕುಳಲ್ಲಿ ಪುಸ್ತಕ. ಬಂಗಲೆಯ ಹಿತ್ತಲಿಗೆ ಹೋದರೆ ಕೆಮ್ಮಣ್ಣು ತಂದು ಸುರಿದು ಮಾಡಿದ ಏರು ಮಡಿಗಳು, ಮಡಿಯ ಮೇಲೆ ಮೂರು ಮೂರು ಎಲೆಯ ಗಿಡ್ಡ ಗಿಡಗಳು, ಕೆಳಗೆ ನವಣೆ ಹುಲ್ಲಿನ ಹಾಸು. ಒಬ್ಬ ಹೆಂಗಸು ಬೆನ್ನು ನನ್ನ ಕಡೆ ಮಾಡಿ, ಕುಕ್ಕರಗಾಲಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬರುತ್ತಿದ್ದಳು. ಕೈಯಲ್ಲಿ ಕಳೆ ಕೀಳುವ ಕುರ್ಪಿ.

"ಯಕ್ಕಾ, ಎಲ್ಲಾರೂ ಮುಂದ ಹೊಕ್ಕೋಂತ ಕಳೆ ತಗೀತಾರ. ನೀ ಯಾಕ ಹಿಂದ ಬರಾಕತ್ತಿ?" ಎಂದೆ.

ಅವಳು ತಿರುಗಿ ನೋಡಲೂ ಇಲ್ಲ. "ಮುಂದ ಹೋದ್ರ ತಗದ ಜಾಗಾ ನಾನ ತುಳೀತೀನಲ್ರಿ ಸಾಹೇಬ್ರ. ಹಿಂದ ಬಂದ್ರ ತಗದಿದ್ದೂ ಕಾಣತೈತಿ, ಬಿಟ್ಟಿದ್ದೂ ಕಾಣತೈತಿ. ಕಾಲ ತಗೀರಿ, ಗಿಡದ ಬಳ್ಳಿ ಮ್ಯಾಲ ನಿಂತೀರಿ."

ನೋಡಿದರೆ ನಿಜವಾಗಿಯೂ ನಿಂತಿದ್ದೆ. ನನ್ನ ವಿದ್ಯೆಯ ಮೊದಲ ದಿನದ ಬೆಲೆ ಅಷ್ಟು.

ಅವಳ ದೊಡ್ಡ ವೈರಿ ಜೇಕು. ಹೊಲದಲ್ಲಿ ಕೆಲಸ ಮಾಡಿದವರಿಗೆ ಜೇಕಿನ ಬಗ್ಗೆ ಹೇಳಬೇಕಾಗಿಲ್ಲ. ಮೇಲೆ ನಾಲ್ಕು ಎಳೆ ಹುಲ್ಲು, ಕೆಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಪಾತಾಳಕ್ಕೆ ಇಳಿದಿರುತ್ತದೆ. ನೀರು ಹಾಯಿಸಿದ ಮೂರನೆಯ ದಿನ, ಮಣ್ಣು ಕೈಗೆ ಅಂಟದೆ ಬಿಡುವ ಹದದಲ್ಲಿ, ಬಳೆಗಳನ್ನು ಮೊಳಕೈಯ ಕಡೆ ಏರಿಸಿಕೊಂಡು ಅವಳು ಕೂರುತ್ತಿದ್ದಳು. ಎಡಗೈ ಸ್ಟ್ರಾಬೆರಿ ಎಲೆಯನ್ನು ಎತ್ತಿ ಹಿಡಿಯುವುದು, ಬಲಗೈ ಕುರ್ಪಿಯ ತುದಿಯಿಂದ ಗಡ್ಡೆಯ ಬುಡ ಹುಡುಕುವುದು. "ಇದು ಮನಿಗೆ ಬಂದ ಅಳಿಯ ಇದ್ದಂಗ ತಮ್ಮಾ, ಬರೇ ಹೋಗಪಾ ಅಂದ್ರ ಹೋಗಂಗಿಲ್ಲ. ಹಾಸಿಗಿ ಸಹಿತ ಎಬ್ಬಿಸಬೇಕು," ಎನ್ನುತ್ತಿದ್ದಳು. ಕಿತ್ತ ಗಡ್ಡೆಗಳನ್ನು ಉಡಿಯಲ್ಲಿ ತುಂಬಿಕೊಂಡು ಹೋಗಿ ಬಂಡೆಯ ಮೇಲೆ ಒಣಗಿಸಿ, ಕೆಂಡದ ಮೇಲೆ ಹಾಕಿ, ಆ ಪರಿಮಳದ ಹೊಗೆಗೆ ಸೋಮವಾರ ಮಿಂದ ತಲೆ ಒಡ್ಡುತ್ತಿದ್ದಳು. ವೈರಿಯಿಂದಲೂ ಒಂದು ಉಪಯೋಗ ವಸೂಲಿ.

ಹಣ್ಣಿನ ಮೇಲೆ ಮಾತ್ರ ಅವಳಿಗೆ ಎಳ್ಳಷ್ಟೂ ಮೋಹವಿರಲಿಲ್ಲ. ಬಡೇ ದಿನದ ಹೊತ್ತಿಗೆ, ಅಂದರೆ ದೊರೆಗಳ ಕ್ರಿಸ್ಮಸ್ಸಿಗೆ, ಮೊದಲ ಕೆಂಪು ಕಾಣುತ್ತಿತ್ತು. ಬುಟ್ಟಿಗೆ ಮುತ್ತುಗದ ಎಲೆ ಹಾಸಿ, ಹಣ್ಣನ್ನು ತೊಟ್ಟು ಸಹಿತ ಒಂದಕ್ಕೊಂದು ತಾಗದಂತೆ ಇಟ್ಟು, ಹಟ್ಟಿಗೆ ಹೋಗುವ ಲಾರಿಯ ಡ್ರೈವರನ ಪಕ್ಕದ ಸೀಟಿನ ಮೇಲೆ ಕೂರಿಸುತ್ತಿದ್ದಳು. "ಹಿಂದ ಇಟ್ಟಿ ಅಂದ್ರ ನಿನ್ನ ಲಾರಿ ಚಕ್ರಕ್ಕ ನಾನ ಅಡ್ಡ ಮಲಗತೀನಿ ನೋಡಲೇ," ಎಂದು ಅವನಿಗೆ ಪ್ರತಿ ಸಲವೂ ಎಚ್ಚರಿಕೆ. ಒಂದು ದಿನ ನನಗೂ ಒಂದು ಹಣ್ಣು ಕೊಟ್ಟು, ನಾನು ತಿನ್ನುವುದನ್ನು ನೋಡುತ್ತ ಕುಳಿತಳು.

"ಹೆಂಗೈತಿ?"

"ಛಲೋ ಐತಕ್ಕಾ."

"ಸುಳ್ಳ ಹೇಳಬ್ಯಾಡ. ಹುಳಿ. ಇದಕ್ಕಿಂತ ನಮ್ಮ ಮಸ್ಕಿ ಗುಡ್ಡದ ಬಾರಿಹಣ್ಣು ಛಲೋ. ಆ ಮೇಮ್‌ಸಾಬರು ಯಾಕ ಇಷ್ಟು ಬೆನ್ನ ಹತ್ತಾರೋ ಶಿವನೇ ಬಲ್ಲ." ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಸ್ಕಿ ಅವಳ ತವರು.

ಇನ್ನು ಅವಳ ಗಡಿಗೆಯ ವಿಷಯ. ಬಾವಿಯ ಕಟ್ಟೆಯ ಪಕ್ಕದಲ್ಲಿ ಕಂಠ ಒಡೆದ ಒಂದೆರಡು ಮಣ್ಣಿನ ಗಡಿಗೆಗಳಿದ್ದವು. ಹೊಸ ಗೊಬ್ಬರ, ಹೊಸ ಮಣ್ಣು, ಯಾರೋ ಹೇಳಿದ ಬೇವಿನ ಕಷಾಯ, ಏನೇ ಬಂದರೂ ಅದು ಮೊದಲು ಮಡಿಗೆ ಹೋಗುವಂತಿಲ್ಲ. ಗಡಿಗೆಯಲ್ಲಿ ಒಂದೇ ಒಂದು ಗಿಡ ನೆಟ್ಟು, ಅದಕ್ಕೆ ಹಾಕಿ, ಎಂಟು ದಿನ ಕಾಯಬೇಕು. "ಎಂಟ ದಿನ ಗಡಿಗ್ಯಾಗ ಇರಲಿ, ಆಮ್ಯಾಲ ಮಾತಾಡೂಣು." ಮನುಷ್ಯರಿಗೂ ಇದೇ ಕಾನೂನು. ಸುಗ್ಗಿಯಲ್ಲಿ ಕೂಲಿಗೆ ಬಂದ ಹೊಸ ಹೆಣ್ಣಾಳಿಗೆ ಎಂಟು ದಿನ ಬೇಲಿಯ ಸಾಲಿನ ಕೆಲಸ; ಆಮೇಲೆ ಹಣ್ಣಿನ ಮಡಿ. ನನ್ನನ್ನು ಸಾಹೇಬ ಎನ್ನುತ್ತಿದ್ದವಳು ಯಾವಾಗ ತಮ್ಮಾ ಎನ್ನತೊಡಗಿದಳೆಂದು ಒಮ್ಮೆ ತಮಾಷೆಗೆ ಕೇಳಿದೆ. "ನಿನ್ನೂ ಇಟ್ಟಿದ್ನೆಲ್ಲೋ ಗಡಿಗ್ಯಾಗ. ಎಂಟ ದಿನ ಅಲ್ಲ, ನಿನಗ ಒಂದ ಮಳಿಗಾಲ ಹಿಡೀತು," ಎಂದಳು. ನನಗೆ ಆ ದಿನ ಆದ ಸಂತೋಷವನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎರಡು ವರ್ಷ ಕಳೆದ ಮೇಲೆ ನಮ್ಮ ಖಾತೆಗೆ ಕಳೆ ಕೊಲ್ಲುವ ಮದ್ದು ಬಂತು. ಟೂ-ಫೋರ್-ಡಿ ಎಂದು ಅದರ ಹೆಸರು. ಬಿಳಿ ಪುಡಿ, ನೀರಿನಲ್ಲಿ ಕದಡಿ ಸಿಂಪಡಿಸಿದರೆ ಜೋಳದಂಥ ಹುಲ್ಲುಜಾತಿಯ ಬೆಳೆಗೆ ಏನೂ ಆಗುವುದಿಲ್ಲ, ಅಗಲ ಎಲೆಯ ಕಳೆಗಳು ಮಾತ್ರ ಸುರುಳಿ ಸುತ್ತಿಕೊಂಡು ಸಾಯುತ್ತವೆ. ನನಗೆ ಕೈಯಲ್ಲಿ ಮಂತ್ರದಂಡ ಬಂದಂತಾಯಿತು. ಡಬ್ಬಿ ಹಿಡಿದುಕೊಂಡು ನೇರ ಅವಳ ಹತ್ತಿರ ಓಡಿದೆ.

"ಅಕ್ಕಾ, ಇನ್ನ ನೀ ಕುರ್ಪಿ ಎತ್ತಿ ಇಡು. ಕಳೆ ತಗಿಯೋ ಕೆಲಸ ಇದರದು."

"ಜೇಕು ಸಾಯತೈತೇನು?"

"ಸಾಯಬೇಕು."

"ಸಾಯಬೇಕು ಅನ್ನೂದು ಬ್ಯಾರೆ, ಸಾಯತೈತಿ ಅನ್ನೂದು ಬ್ಯಾರೆ. ಗಡಿಗ್ಯಾಗ ಹಾಕು."

ಒಂದು ಗಡಿಗೆಯಲ್ಲಿ ಸ್ಟ್ರಾಬೆರಿ, ಅದರ ಪಕ್ಕದಲ್ಲೇ ಎರಡು ಜೇಕು. ಮದ್ದು ಹಾಕಿದೆ. ನಾಲ್ಕನೆಯ ದಿನ ಸ್ಟ್ರಾಬೆರಿಯ ಎಲೆಗಳು ಬಟ್ಟಲಿನಂತೆ ಮುದುಡಿ, ತೊಟ್ಟುಗಳು ತಿರುಚಿಕೊಂಡವು. ಎಂಟನೆಯ ದಿನಕ್ಕೆ ಗಿಡ ಕಪ್ಪಾಯಿತು. ಜೇಕಿನ ತುದಿ ಹಳದಿಯಾಗಿತ್ತು ಅಷ್ಟೆ. ಬುಡದಲ್ಲಿ ಹೊಸ ಹಸಿರು ಮೊಳಕೆ ಇಣುಕುತ್ತಿತ್ತು.

"ಅಳಿಯ ಇಲ್ಲೇ ಅದಾನ, ಮಗಳು ಸತ್ತಳು," ಎಂದಳು. ನಗಲಿಲ್ಲ. "ತಮ್ಮಾ, ಇದು ನನ್ನ ತ್ವಾಟದಾಗ ಕಾಲ ಇಡಬಾರದು. ನೀ ಬಾ, ದಿನಾ ಬಾ. ಇದು ಬ್ಯಾಡ." ನಾನು ಆಯಿತು ಎಂದೆ. ಡಬ್ಬಿಯ ಮೇಲೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು, ಈ ಮದ್ದು ಕಲಸಿದ ಪಾತ್ರೆಯನ್ನು ಬೇರೆ ಗಿಡಗಳಿಗೆ ಬಳಸಬೇಡಿ ಎಂದು. ಓದಿದ್ದೆ. ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ಆ ವರ್ಷದ ಕಾರ್ತಿಕದಲ್ಲಿ ಊರ ಹೊರಗಿನ ಜೋಳದ ಹೊಲವೊಂದರಲ್ಲಿ ಮದ್ದಿನ ಪ್ರಾತ್ಯಕ್ಷಿಕೆ ನಿಗದಿಯಾಯಿತು. ರಾಯಚೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಹಿಂದಿನ ದಿನ ನಮ್ಮ ಸಿಂಪಡಿಸುವ ಪಂಪಿನ ಚರ್ಮದ ವಾಷರ್ ಹರಿದುಹೋಯಿತು. ಊರಲ್ಲಿ ಇನ್ನೊಂದು ಝಾರಿ ಇರಲೇ ಇಲ್ಲವೆಂದಲ್ಲ. ಹುಡುಕುವ ತಾಳ್ಮೆ ನನಗಿರಲಿಲ್ಲ. ಅವಳ ಹತ್ತಿರ ಹೋದೆ. ಆ ಹಜಾರಾವನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಗಂಡನ ಕೈ ಸವೆದ ಹಿಡಿಕೆ ಅದು. ತಳ ಸೋರುತ್ತಿದ್ದುದಕ್ಕೆ ಅವನೇ ಒಳಗಿನಿಂದ ಗೋಣಿತಟ್ಟಿನ ತುಂಡಿಗೆ ಡಾಂಬರು ಹಚ್ಚಿ ತೇಪೆ ಹಾಕಿದ್ದ.

"ಏನ ಹಾಕತಿ ಇದರಾಗ?" ಎಂದು ಕೇಳಿದಳು.

"ಗೊಬ್ಬರದ ನೀರಕ್ಕಾ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ಅವಳು ಮರುಮಾತಾಡದೆ ಕೊಟ್ಟಳು. ತಮ್ಮ ಕೇಳಿದ್ದನ್ನು ಗಡಿಗೆಯಲ್ಲಿ ಇಟ್ಟು ನೋಡುವ ಕಾಲ ಮುಗಿದಿತ್ತಲ್ಲ.

ಪ್ರಾತ್ಯಕ್ಷಿಕೆ ಚೆನ್ನಾಗಿ ಆಯಿತು. ದೊಡ್ಡ ಸಾಹೇಬರು ನನ್ನ ಬೆನ್ನು ತಟ್ಟಿದರು. ಸಂಜೆ ನಾನು ಹಜಾರಾವನ್ನು ಹೊಲದ ಬಾವಿಯಲ್ಲಿ ಮೂರು ಸಲ ತೊಳೆದೆ, ಬೂದಿ ಹಾಕಿ ಉಜ್ಜಿದೆ, ಮೂಸಿ ನೋಡಿದೆ. ಡಾಂಬರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ತಗಡನ್ನು ತೊಳೆದಿದ್ದೆ, ತೇಪೆಯ ಗೋಣಿ ಮದ್ದನ್ನು ಕುಡಿದು ಕೂತಿರಬಹುದೆಂದು ಹೊಳೆಯಲಿಲ್ಲ. ಒಯ್ದು ಕೊಟ್ಟೆ.

ಐದನೆಯ ದಿನ ಅವಳ ತೋಟಕ್ಕೆ ಹೋದವನು ಬೇಲಿಯ ಬಾಗಿಲಲ್ಲೇ ನಿಂತೆ. ಹೂವಿಗೆ ಬಂದಿದ್ದ ಗಿಡಗಳ ಎಲೆಗಳು ಬಟ್ಟಲಿನಂತೆ ಮುದುಡಿದ್ದವು. ಮೊದಲ ಎರಡು ಮಡಿ ಪೂರ್ತಿ, ಮೂರನೆಯದು ಅರ್ಧ. ಅವಳು ಹಜಾರಾ ಹಿಡಿದು ನೀರು ಹಾಕುತ್ತಿದ್ದಳು. ಮುಖದಲ್ಲಿ ನಾನು ಹಿಂದೆ ಕಾಣದ ಗಾಬರಿ.

"ನೋಡ ಬಾ ತಮ್ಮಾ, ಏನಾಗ್ಯಾವ ಇವು? ನೀರಡಿಸ್ಯಾವೋ, ಏನ ಸುಟ್ಟಾವೋ?"

ನನಗೆ ನೋಡಿದ ಕೂಡಲೇ ಗುರುತು ಹತ್ತಿತ್ತು. ಗಡಿಗೆಯಲ್ಲಿ ಅದೇ ಮುದುಡುವಿಕೆ ನೋಡಿದ್ದೆನಲ್ಲ. ಅವಳಿಗೆ ಯಾಕೆ ಹೊಳೆಯಲಿಲ್ಲ? ಹೊಳೆಯುವುದು ಹೇಗೆ? ಆ ಮದ್ದು ತೋಟದಲ್ಲಿ ಕಾಲಿಟ್ಟಿಲ್ಲ ಎಂದು ಅವಳು ನಂಬಿದ್ದಳು. ನಾನು ಮಾತು ಕೊಟ್ಟಿದ್ದೆ. ಅವಳ ಕೈಯಲ್ಲಿದ್ದ ಹಜಾರಾವನ್ನು ಕಸಿದು ಆಚೆ ಎಸೆಯಬೇಕಾಗಿತ್ತು. ನಾನು ಹೇಳಿದ್ದು ಇಷ್ಟು:

"ಬಿಸಿಲಿಗೆ ಅಕ್ಕಾ. ಈ ಸಲ ಕಾರ್ತಿಕದಾಗೂ ಬಿಸಿಲು ಭಾಳ. ಇನ್ನೊಂದೀಟು ನೀರ ಹಾಕು."

ಹಾಕಿದಳು. ನಾನು ಹೇಳಿದೆನೆಂದು ದಿನಕ್ಕೆ ಎರಡು ಸಲ, ಅದೇ ಹಜಾರಾದಲ್ಲಿ, ಉಳಿದ ಮಡಿಗಳಿಗೂ. ಅಂದು ನಾನು ಒಂದು ಮಾತು ನಿಜ ಹೇಳಿದ್ದರೆ ಅರ್ಧ ತೋಟ ಉಳಿಯುತ್ತಿತ್ತು. ಬಳ್ಳಿಯ ಒಂದು ಮರಿ ಉಳಿದಿದ್ದರೂ ಅವಳು ಮುಂದಿನ ವರ್ಷಕ್ಕೆ ಮಡಿ ತುಂಬಿಸುತ್ತಿದ್ದಳು. ನಾನು ಎಂಟು ದಿನ ಮಸ್ಕಿಯ ಕಡೆ ಕೆಲಸವಿದೆ ಎಂದು ಹೇಳಿಕೊಂಡು ಛಾವಣಿಯ ದಾರಿಯನ್ನೇ ಬಿಟ್ಟೆ. ತಿರುಗಿ ಬಂದಾಗ ಒಂದು ಗಿಡವೂ ಇರಲಿಲ್ಲ. ಮಡಿಗಳಲ್ಲಿ ನವಣೆ ಹುಲ್ಲಿನ ಹಾಸನ್ನು ಸೀಳಿಕೊಂಡು ಜೇಕು ಎದ್ದಿತ್ತು.

ಬಡೇ ದಿನ ಬಂತು, ಹಟ್ಟಿಗೆ ಬುಟ್ಟಿ ಹೋಗಲಿಲ್ಲ. ಕಾರಭಾರಿ ಬಂದು, ಹಿತ್ತಲು ಬೇರೆಯವರಿಗೆ ಬೇಕಾಗಿದೆ ಎಂದು ಹೇಳಿ ಹೋದ. ಅದೇ ವಾರ ನನಗೆ ಸಿಂಧನೂರಿಗೆ ವರ್ಗವಾಯಿತು. ಹೇಳಿ ಹೋಗೋಣವೆಂದು ಅವಳಲ್ಲಿಗೆ ಹೋದೆ. ಮನಸ್ಸಿನಲ್ಲಿ ಎಲ್ಲ ಹೇಳಿಬಿಡುವ ನಿರ್ಧಾರವಿತ್ತು ಎಂದು ಈಗ ಬರೆದರೆ ಯಾರೂ ನಂಬಬೇಡಿ.

ಅವಳು ಬಾವಿಯ ಕಟ್ಟೆಯ ಹತ್ತಿರ ಕರೆದಳು. ಎರಡು ಒಡಕು ಗಡಿಗೆಗಳಲ್ಲಿ ಎರಡು ಮೆಣಸಿನ ಸಸಿ ನೆಟ್ಟಿದ್ದಳು. ಒಂದು ನೆಟ್ಟಗೆ ನಿಂತು ಮೊಗ್ಗು ಹಿಡಿದಿತ್ತು. ಇನ್ನೊಂದರ ಕುಡಿ ತಿರುಚಿ ಕೆಳಗೆ ಬಾಗಿತ್ತು.

"ಇದಕ್ಕ ತಂಬಿಗೀಲೆ ನೀರ ಹಾಕೀನಿ, ಇದಕ್ಕ ಹಜಾರಾದಾಗ. ಇವತ್ತಿಗೆ ಎಂಟ ದಿನ," ಎಂದಳು. ನನ್ನ ಕಡೆ ತಿರುಗಿದಳು. "ಗೊಬ್ಬರದ ನೀರು ಅಂದಿದ್ದೆಲ್ಲೋ ತಮ್ಮಾ."

"ಅಕ್ಕಾ, ಪಂಪು ಕೆಟ್ಟಿತ್ತು... ಸಾಹೇಬರು ಬರವರಿದ್ದರು... ಮೂರು ಸಲ ತೊಳದಿದ್ದೆ," ಎಂದು ಏನೇನೋ ತೊದಲಿದೆ.

ಅವಳು ಕೈ ಎತ್ತಿ ನಿಲ್ಲಿಸಿದಳು. "ಅದು ಇರಲಿ. ನೌಕರಿ ಮನುಷ್ಯಾ, ಅಂಜಿಕಿಗೆ ಸುಳ್ಳ ಹೇಳಿದಿ. ನನಗ ಒಂದ ಮಾತ ಹೇಳು. ನಾ ಹಜಾರಾದಾಗ ನೀರ ಹಾಕಾಕತ್ತಿದ್ನೆಲ್ಲ, ನೀ ಬೇಲಿ ಹತ್ರ ನಿಂತು ನೋಡಿದಿ. ಆವಾಗ ನಿನಗ ಗೊತ್ತಿತ್ತೇನು?"

ಅವಳಿಗೆ ಬೇಕಾದದ್ದು ಅದೊಂದೇ. ತೋಟ ಹೋಗಿತ್ತು, ನೆಲೆ ಹೋಗಿತ್ತು. ನಾನು ಅವಳ ತಮ್ಮನೋ ಅಲ್ಲವೋ ಎಂಬುದಷ್ಟೇ ಉಳಿದಿತ್ತು.

"ಇಲ್ಲಕ್ಕಾ. ದೇವರಾಣಿ ಗೊತ್ತಿರಲಿಲ್ಲ," ಎಂದೆ.

ಅವಳು ಉಸಿರು ಬಿಟ್ಟಳು. ಮುಖ ಸಡಿಲವಾಯಿತು. "ಹಂಗಾರ ಬಿಡು. ನಾನೂ ಅದನ್ನ ಅಂದುಕೊಂಡಿದ್ದೆ. ಗೊತ್ತಿದ್ರ ನಿನ್ನ ಬಾಯಿ ಸುಮ್ನ ಇರತಿತ್ತೇನು?" ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ಹಜಾರಾ ತಂದು ನನ್ನ ಕೈಗಿಟ್ಟಳು. "ತಗೊಂಡ ಹೋಗು. ಮದ್ದ ಹಾಕಾಕ ನಿನಗ ಬೇಕಾಗತೈತಿ. ಇದರಾಗ ಇನ್ನ ಗಿಡಕ್ಕ ನೀರ ಹಾಕಾಕ ಬರಂಗಿಲ್ಲ. ಯಾರಿಗೂ ಹಾಕಾಕ ಕೊಡಬ್ಯಾಡ."

ಅವಳು ಮಸ್ಕಿಗೆ, ತಂಗಿಯ ಮನೆಗೆ ಹೋದಳು. ನಾನು ಸಿಂಧನೂರಿಗೆ ಬಂದೆ.

ಒಂದು ಸಲ ಮತ್ತೆ ಕಂಡಳು. ಬಳಗಾನೂರಿನ ಕಡೆ ಹೊಸದಾಗಿ ಕಾಲುವೆ ನೀರು ಬಂದ ಭತ್ತದ ಗದ್ದೆಗಳಲ್ಲಿ ಹೆಣ್ಣಾಳುಗಳ ಸಾಲು ಬಗ್ಗಿ ಕಳೆ ಕೀಳುತ್ತಿತ್ತು. ಎಲ್ಲರೂ ಮುಂದಕ್ಕೆ ಹೋಗುತ್ತಿದ್ದರು. ಮೊಳಕಾಲ ಕೆಸರಿನಲ್ಲಿ ಒಬ್ಬಳು ಮಾತ್ರ ಹಿಂದಕ್ಕೆ ಬರುತ್ತಿದ್ದಳು. ನಾನು ಬದುವಿನ ಮೇಲೆ ತಿರುಗಿ ನಡೆಯಬೇಕೆನ್ನುವಷ್ಟರಲ್ಲಿ ಕೂಗಿದಳು. ತನ್ನದೇ ಮಡಿಗಳಲ್ಲಿ ಕೂರುತ್ತಿದ್ದವಳು ಕೂಲಿಯ ಸಾಲಿನಲ್ಲಿ ನಿಂತು, ಪಕ್ಕದವರಿಗೆ ನನ್ನನ್ನು ತೋರಿಸಿ, "ನಮ್ಮ ತಮ್ಮ ಇಂವ. ಸರ್ಕಾರಿ ನೌಕರಿ. ಭಾಳ ಶ್ಯಾಣ್ಯಾ ಅದಾನ," ಎಂದಳು. ನನ್ನ ಕಡೆ ತಿರುಗಿ, "ನೀರು ಬಂದೈತಿ, ಹಿಂದಿಂದ ಜೇಕೂ ಬಂದೈತಿ ನೋಡು," ಎಂದು ನಕ್ಕಳು. ಅಲ್ಲಿಯೂ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದೆ.

ಜವಾನನಿಗೆ ಬೈದ ಹಿಂದಿನ ದಿನ ಅವಳ ತಂಗಿ ಸಂತೆಗೆಂದು ಸಿಂಧನೂರಿಗೆ ಬಂದವಳು ನನ್ನ ಆಫೀಸು ಕೇಳಿಕೊಂಡು ಬಂದಿದ್ದಳು. ಅಕ್ಕ ತೀರಿಕೊಂಡು ತಿಂಗಳಾಯಿತು, ಮೂರು ದಿನದ ಜ್ವರ ಎಂದಳು. ನಿಮ್ಮ ಹೆಸರು ಎತ್ತುತ್ತಿದ್ದಳು, ತಿಳಿಸಿ ಹೋಗೋಣವೆಂದು ಬಂದೆ ಎಂದಳು. ಕುಳಿತುಕೊಳ್ಳಲು ಹೇಳಿದೆ, ಕೂರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು:

"ಒಂದ ಕೇಳತೀನ್ರೀ ಸಾಹೇಬ್ರ. ಛಾವಣಿ ತ್ವಾಟ ಹೆಂಗ ಹೋತು ಅಂತ ಯಾರ ಕೇಳಿದ್ರೂ ನಮ್ಮಕ್ಕ ಬಿಸಿಲಿಗೆ ಹೋತು ಅಂತಿದ್ದಳು. ನಮಗೂ ಹಂಗ ಹೇಳಿದಳು. ಕಾರ್ತಿಕದಾಗ ಎಲ್ಲಿ ಬಿಸಿಲ್ರೀ? ನಮ್ಮ ಮುಂದ ಏನೋ ಮುಚ್ಚಿಟ್ಟಿದ್ದಳು."

ನಾನು ಹೇಳಿದ ಸುಳ್ಳನ್ನು ಅವಳು ಜೋಪಾನವಾಗಿ ಇಟ್ಟುಕೊಂಡು, ನನ್ನ ನೌಕರಿಗೆ ಕುಂದು ಬಾರದಿರಲೆಂದು ಎರಡು ವರ್ಷ ಊರವರಿಗೆಲ್ಲ ಹಂಚಿದ್ದಳು. ನನ್ನಿಂದ ಇನ್ನು ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹಜಾರಾ, ಗೊಬ್ಬರದ ನೀರು, ಬೇಲಿಯ ಬಾಗಿಲು, ಮೆಣಸಿನ ಸಸಿ. "ಅವಳು ಕೇಳಿದಾಗ ಗೊತ್ತಿರಲಿಲ್ಲ ಅಂದೆ. ಗೊತ್ತಿತ್ತವ್ವಾ ನನಗ. ನೋಡಿದ ಕೂಡಲೇ ಗೊತ್ತಾಗಿತ್ತು," ಎಂದೆ. ಕಣ್ಣೀರೂ ಬಂತು.

ಅವಳು ಮೂಲೆಯ ಹಜಾರಾವನ್ನು ನೋಡಿದಳು. ಸಂತೆಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಮೆಟ್ಟಿಲು ಇಳಿಯುವಾಗ ಹೇಳಿದಳು:

"ನನ್ನ ಮುಂದ ಯಾಕ ಹೇಳತೀರಿ? ಕೇಳಿದಾಕಿ ಹೋದಳಲ್ಲ."